ಎರಡು ಗೆರೆಯ ಕಾರ್ಡು

ನನ್ನ ಬೀಗತಿ, ಅಂದರೆ ನನ್ನ ಒಬ್ಬಳೇ ಮಗಳ ಅತ್ತೆ, ಬಂಗಾರದಂಥ ಹೆಂಗಸು ಎಂದು ಬಬಲೇಶ್ವರದ ಅವರ ಓಣಿಯೆಲ್ಲ ಹೇಳುತ್ತದೆ. ಓಣಿಗೇನು? ಅವರ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಎದ್ದು ಹೋಗುವವರು ಇನ್ನೇನು ಹೇಳುತ್ತಾರೆ? ನಾನು ಮಗಳಿಗೆಂದು ಕಟ್ಟಿಕೊಂಡು ಹೋದ ಬುತ್ತಿಯನ್ನು ಆಕೆ ಎಮ್ಮೆಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಂಗಾರ ಯಾವುದು, ಹಿತ್ತಾಳೆ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶುರುವಾದದ್ದು ಕಣ್ಣಿನಿಂದ. ಎಡಗಣ್ಣಿಗೆ ಪೊರೆ ಬಂದು, ದ್ರಾಕ್ಷಿ ಗೊನೆಯಲ್ಲಿ ಹೆಚ್ಚಾದ ಕಾಳು ತೆಗೆಯುವಾಗ ಒಳ್ಳೆಯ ಕಾಳನ್ನೇ ಕತ್ತರಿಸತೊಡಗಿದೆ. ವಿಜಯಪುರಕ್ಕೆ ಹೋದೆ. ಆಪರೇಷನ್ನಿಗೆ ಮುಂಚೆ ಎಲ್ಲರಿಗೂ ಮಾಡುವಂತೆ ನನ್ನ ರಕ್ತವನ್ನೂ ಪರೀಕ್ಷೆ ಮಾಡಿದರು. ಬೆರಳುದ್ದದ ಒಂದು ಪ್ಲಾಸ್ಟಿಕ್ ಕಾರ್ಡು, ಅದರ ಗುಂಡಿಯಲ್ಲಿ ಒಂದು ಹನಿ ರಕ್ತ. ಹದಿನೈದು ನಿಮಿಷ ಕಾಯಬೇಕು. ಒಂದೇ ಗೆರೆ ಮೂಡಿದರೆ ಏನೂ ಇಲ್ಲ, ಎರಡು ಮೂಡಿದರೆ ತೊಂದರೆ. ನನಗೆ ಎರಡು ಮೂಡಿದವು. ಹೆಪಟೈಟಿಸ್ ಸಿ, ಲಿವರಿಗೆ ಹತ್ತುವ ವೈರಸ್ಸು ಅಂದರು. ಕಣ್ಣಿನ ಮಾತು ಅಲ್ಲಿಗೇ ನಿಂತಿತು, ನನ್ನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೊದಲು ಕೇಳಿದ್ದೇ ಇದು: "ಯಾವಾಗರೆ ನಿಮಗ ರಕ್ತ ಏರಿಸ್ಯಾರೇನ್ರಿ?"

ಏರಿಸಿದ್ದರು. ಇಪ್ಪತ್ತಾರು ವರ್ಷದ ಹಿಂದೆ, ಇದೇ ಮಗಳು ಹುಟ್ಟಿದಾಗ. ಕೂಸು ಹೊರಗೆ ಬಂದರೂ ನನ್ನ ರಕ್ತ ನಿಲ್ಲಲಿಲ್ಲ, ಎರಡು ಬಾಟಲಿ ಏರಿಸಿ ಬದುಕಿಸಿದ್ದರು. ಆ ಕಾಲಕ್ಕೆ ಕೊಟ್ಟ ರಕ್ತದಲ್ಲಿ ಈ ವೈರಸ್ಸನ್ನು ಎಲ್ಲ ಕಡೆ ನೋಡುತ್ತಿರಲಿಲ್ಲವಂತೆ. ಅದರಿಂದಲೇ ಬಂತೆಂದು ಖಾತ್ರಿ ಹೇಳಲಾಗದು, ಬಂದಿರಬಹುದು ಅಂದರು. ಮಗಳು ಆಗ ಎರಡು ತಿಂಗಳ ಬಸುರಿ. ಬಸುರಿಯರಿಗೆ ಮಾಡುವ ಪರೀಕ್ಷೆಯಲ್ಲಿ ಅವಳ ರಕ್ತ ಸ್ವಚ್ಛವಾಗಿಯೇ ಬಂದಿತ್ತು. ನನ್ನ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಹೆಸರಿಲ್ಲದ ಯಾವನೋ ರಕ್ತ ಕೊಟ್ಟಿದ್ದ, ಅವನಿಗೂ ಗೊತ್ತಿರಲಿಲ್ಲ. ಬೈಯಲು ಒಬ್ಬ ಮನುಷ್ಯನೂ ಸಿಗದ ಸಿಟ್ಟು ಬಹಳ ಕೆಟ್ಟದ್ದು. ಪುಣ್ಯಕ್ಕೆ ನನಗೆ ಬೀಗತಿ ಇದ್ದಳು.

ಸುದ್ದಿ ಬಬಲೇಶ್ವರಕ್ಕೆ ಮುಟ್ಟಿದ ಮರುದಿನವೇ ಆಕೆಯ ಫೋನು. "ಬೀಗತೇರ, ಕಾಮಣಿ ಅಂತಲ್ರಿ? ಎಣ್ಣಿ, ಅರಿಷಿಣ ಬಿಡ್ರಿ. ನಿಡೋಣ್ಯಾಗ ಒಬ್ರು ಎಲಿರಸ ಮೂಗಿನಾಗ ಬಿಡ್ತಾರ, ಮೂರು ವಾರಕ್ಕ ಇಳೀತೈತಿ." ಕಾಮಣಿಯಲ್ಲ, ನನ್ನ ಕಣ್ಣು ಹಳದಿಯಾಗಿಲ್ಲ, ಇದು ರಕ್ತದಿಂದ ರಕ್ತಕ್ಕೆ ಮಾತ್ರ ಹತ್ತುವಂಥದು, ಉಣ್ಣುವುದರಿಂದ ಮುಟ್ಟುವುದರಿಂದ ಹತ್ತುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಒಪ್ಪಿಸಿದೆ. ಆಕೆ ಎಲ್ಲ ಕೇಳಿ, "ಹೌದ್ರಿ, ಹೌದ್ರಿ. ಆದ್ರ ಮಗಳು ಬಸರದಾಳ, ಸದ್ಯಕ್ಕ ಅಕಿ ತಿಕೋಟಾಕ್ಕ ಬರೂದು ಬ್ಯಾಡ" ಅಂದಳು. ಆ ವರ್ಷದ ಹಬ್ಬಕ್ಕೆ ಮಗಳು ತವರಿಗೆ ಬರಲಿಲ್ಲ.

ನಮ್ಮದು ತಿಕೋಟಾ. ಬಿಜ್ಜರಗಿ ದಾರಿಯಲ್ಲಿ ನಾಲ್ಕೆಕರೆ ದ್ರಾಕ್ಷಿ ಪಡ, ಅಂದರೆ ತೋಟ. ನನ್ನ ಗಂಡ ಗಿಡಕ್ಕೆ ಔಷಧ ಹೊಡೆಯುತ್ತಾರೆ, ಯಾವ ದಿನ ಯಾವ ಔಷಧ ಎಷ್ಟು ಹೊಡೆದೆವು ಎಂದು ನಾನು ಡೈರಿ ಬರೆಯುತ್ತೇನೆ. ಹೊರದೇಶಕ್ಕೆ ಹೋಗುವ ಮಾಲಿಗೆ ಡೈರಿ ಬೇಕೇ ಬೇಕು. ಹಣ್ಣು ಕೊಯ್ಯುವ ಮುಂಚೆ ಗೊನೆಯನ್ನು ಲ್ಯಾಬಿಗೆ ಕಳಿಸಿ ಔಷಧದ ಅಂಶ ಉಳಿದಿದೆಯೇ ಎಂದು ನೋಡುತ್ತಾರೆ. ಆ ರಿಪೋರ್ಟುಗಳನ್ನು ಹತ್ತು ವರ್ಷದಿಂದ ಓದುತ್ತಿರುವವಳು ನಾನೇ. ಹಾಗಾಗಿ ನನ್ನ ರಕ್ತದ ರಿಪೋರ್ಟ್ ಓದಲು ಯಾರ ಹಂಗೂ ಬೇಡ ಅಂದುಕೊಂಡಿದ್ದೆ.

ಸೊಕ್ಕು ಮುರಿಯಲು ನಾಲ್ಕು ವಾರ ಸಾಕಾಯಿತು. ಮೊದಲ ರಿಪೋರ್ಟಿನಲ್ಲಿ ಎಸ್‌ಜಿಪಿಟಿ ಎಂಬುದು ನೂರಾ ಹದಿನೆಂಟು, ವೈರಲ್ ಲೋಡ್ ಎಂಬುದು ಹನ್ನೆರಡು ಲಕ್ಷದ ಮೇಲೆ. ದಿನಕ್ಕೊಮ್ಮೆ ಗುಳಿಗೆ ನುಂಗಿ ನಾಲ್ಕು ವಾರಕ್ಕೆ ಮತ್ತೆ ರಕ್ತ ಕೊಟ್ಟೆ. ಎಸ್‌ಜಿಪಿಟಿ ಮೂವತ್ತಾರಕ್ಕೆ ಇಳಿದಿತ್ತು, ರೋಗ ಹೋಯಿತೆಂದು ನನ್ನ ಗಂಡನ ಬೆನ್ನಿಗೆ ಗುದ್ದಿದೆ. ಕೆಳಗಿನ ಸಾಲು ಓದಿದಾಗ ಅಲ್ಲಿ ವೈರಸ್ ‘ಡಿಟೆಕ್ಟೆಡ್’, ಅಂದರೆ ಸಿಕ್ಕಿದೆ ಎಂದಿತ್ತು, ಪಕ್ಕದಲ್ಲಿ ಹದಿನೈದಕ್ಕಿಂತ ಕಡಿಮೆ ಎಂದು ಬರೆದಿತ್ತು. ಸಿಕ್ಕಿದೆ ಅಂದಮೇಲೆ ಕಡಿಮೆಯೇನು, ಹೆಚ್ಚೇನು? ಗುಳಿಗೆ ಖೊಟ್ಟಿ, ಡಾಕ್ಟರು ಖೊಟ್ಟಿ, ಎಲ್ಲ ಖೊಟ್ಟಿ ಎಂದು ಕೂಗಾಡುತ್ತ ಕಾಗದ ಹಿಡಿದು ಡಾಕ್ಟರ ಮುಂದೆ ಹೋಗಿ ನಿಂತೆ.

ಆ ಹುಡುಗಿ ನಕ್ಕಳು. ನನಗೆ ನಗುವ ಡಾಕ್ಟರುಗಳೆಂದರೆ ಆಗುವುದಿಲ್ಲ. ಆದರೆ ತಿಳಿಸಿ ಹೇಳಿದಳು. "ಎಸ್‌ಜಿಪಿಟಿ ಅಂದ್ರ ಲಿವರಿಗೆ ಎಷ್ಟು ಪೆಟ್ಟು ಬೀಳಾಕತ್ತೈತಿ ಅನ್ನೂದು ರೀ. ಅದು ಇಳದದ್ದು ಚಲೋ, ಆದ್ರ ಅದರ ಮ್ಯಾಲೆ ರೋಗ ಹೋತು ಅನ್ನಾಕ ಬರೂದಿಲ್ಲ. ವೈರಲ್ ಲೋಡ್ ಅಂದ್ರ ರಕ್ತದಾಗ ವೈರಸ್ ಎಷ್ಟದಾವ ಅನ್ನೂದು. ಹನ್ನೆರಡು ಲಕ್ಷ ಇದ್ದದ್ದು ಈಗ ಎಣಸಾಕ ಬಾರದಷ್ಟ ಕಡಿಮಿ ಆಗ್ಯಾವ. ವಾಸನಿ ಐತಿ, ಲೆಕ್ಕಕ್ಕ ಸಿಗವಲ್ವು." ಗುಳಿಗೆ ಹನ್ನೆರಡು ವಾರ, ಅದು ಮುಗಿದ ಮೇಲೆ ಮತ್ತೆ ಹನ್ನೆರಡು ವಾರ ಖಾಲಿ ಬಿಟ್ಟು ಕೊನೆಯ ಪರೀಕ್ಷೆ. ಔಷಧ ನಿಂತ ಮೇಲೆ ವೈರಸ್ಸು ಮತ್ತೆ ಚಿಗಿಯುತ್ತದೋ ನೋಡಬೇಕಲ್ಲ, ಆ ದಿನ ಇಲ್ಲವೆಂದು ಬಂದರೆ ವಾಸಿಯಾದಂತೆ. ಏಳುವಾಗ ಇನ್ನೊಂದು ಮಾತು ಹೇಳಿದಳು. "ಮೊದಲ ಮಾಡಿದ್ರಲ್ಲ, ಆ ಎರಡು ಗೆರಿ ಕಾರ್ಡ, ಅದನ್ನ ಮತ್ತ ಎಂದೂ ಮಾಡಿಸಬ್ಯಾಡ್ರಿ. ವೈರಸ್ ಪೂರಾ ಹೋದ್ರೂ ಅದು ಎರಡು ಗೆರಿನ ತೋರಸ್ತೈತಿ, ಸಾಯೂತನಕ. ರೋಗದ ಜೋಡಿ ಮೈ ಒಮ್ಮೆ ಬಡದಾಡೇತಿ ಅನ್ನೂದಷ್ಟ ಅದಕ್ಕ ಗೊತ್ತು."

ಆ ಮಾತನ್ನು ನಾನು ಗಟ್ಟಿಯಾಗಿ ನೆನಪಿಟ್ಟುಕೊಂಡೆ. ಮುಂದೆ ಅದು ಎರಡು ಸಲ ಬೇಕಾಯಿತು, ಒಂದು ಸಲ ಹೇಳಿದೆ.

ಮಗಳಿಗೆ ಐದು ತಿಂಗಳಾದಾಗ ನನ್ನ ಗುಳಿಗೆ ಮುಗಿಯಲು ಬಂದಿದ್ದವು. ಐದರಲ್ಲಿ ತವರಿನವರು ಸದ್ದುಗದ್ದಲವಿಲ್ಲದೆ ಹಸಿರು ಸೀರೆ, ಹಸಿರು ಬಳೆ ಒಯ್ದು ಬಸುರಿಗೆ ಉಡಿ ತುಂಬಿ ಬರುತ್ತಾರೆ, ಕಳ್ಳ ಕುಬಸ ಅನ್ನುತ್ತೇವೆ. ಎರಡು ದಿನ ಸೊಂಟ ನೋಯಿಸಿಕೊಂಡು ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ ಮಾಡಿ ಬುತ್ತಿ ಕಟ್ಟಿದೆ. ಬೀಗತಿ ಎರಡೂ ಕೈಯಿಂದ ಬುತ್ತಿ ಇಸಿದುಕೊಂಡಳು. ಎಂಥ ನಗು, ಎಂಥ ಉಪಚಾರ! ನನಗೆ ಚಹಾ ಮಾತ್ರ ಕಾಗದದ ಕಪ್ಪಿನಲ್ಲಿ ಬಂತು, ನನ್ನ ಗಂಡನಿಗೆ ಸ್ಟೀಲಿನ ವಾಟಗದಲ್ಲಿ ಬಂತು. ಅದನ್ನೂ ನುಂಗಿಕೊಂಡೆ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಎಮ್ಮೆಯ ಗೋದಲಿಯಲ್ಲಿ ನನ್ನ ಹೋಳಿಗೆ ಬಿದ್ದಿದ್ದವು. ತುಪ್ಪ ಸವರಿದವು, ಒಂದರ ಮೇಲೊಂದು. ಎಮ್ಮೆ ನಿಧಾನವಾಗಿ ತಿನ್ನುತ್ತಿತ್ತು. ಹಿಂದೆಯೇ ಬಂದ ಬೀಗತಿ, "ಬಾಳ ಆಗಿದ್ದವ್ರಿ, ಕೆಡತಾವಂತ ಹಾಕಿದ್ನಿ" ಅಂದಳು.

"ಶೇಂಗಾ ಹೋಳಿಗಿ ಹದಿನೈದು ದಿನ ಇಟ್ರೂ ಕೆಡೂದಿಲ್ರಿ" ಅಂದೆ. "ನಿಮ್ಮ ಎಮ್ಮಿಗೂ ಬಯಕಿ ಹತ್ತೇತೇನು?"

ಆಕೆಯ ಮುಖ ಕೆಂಪಾಯಿತು. ಆಮೇಲೆ ಮುಚ್ಚುಮರೆ ಬಿಟ್ಟಳು. "ಸಿಟ್ಟಾಗ್ಬ್ಯಾಡ್ರಿ ಬೀಗತೇರ. ನನಗ ಮೊಮ್ಮಗು ಮುಖ್ಯ. ನಿಮ್ಮ ರಿಪೋರ್ಟ್ ಸ್ವಚ್ಛ ಬಂದ್ರ ಒಂಬತ್ತರಾಗ ಕುಬಸ ಮಾಡಿ ಮಗಳನ್ನ ಕರಕೊಂಡ ಹೋಗ್ರಿ. ಇಲ್ಲಾಂದ್ರ ಬಾಣಂತನ ಇಲ್ಲೇ ಆಕ್ಕೈತಿ."

ಚೊಚ್ಚಲ ಬಾಣಂತನ ತವರಿನದು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆಯುವುದು ತಾಯಿಯ ತಾಯಿಯ ಕೆಲಸ. ನನಗೆ ಇದೊಂದೇ ಮಗಳು, ಆಕೆಯ ನಂತರ ನನ್ನ ಹೊಟ್ಟೆ ಮತ್ತೆ ತುಂಬಲಿಲ್ಲ. ಆ ಒಂದು ಕೆಲಸವನ್ನೂ ಈ ಹೆಂಗಸು ಒಂದು ಕಾಗದಕ್ಕೆ ಕಟ್ಟಿ ಹಾಕಿದಳು. ಮಗಳು ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು, ಬಾಯಿ ಬಿಡಲಿಲ್ಲ. ಬರುವಾಗ ದಾರಿಯುದ್ದಕ್ಕೂ ನಾನು ಬೀಗತಿಗಿಂತ ಮಗಳನ್ನೇ ಹೆಚ್ಚು ಬೈದೆ.

ಗುಳಿಗೆ ಮುಗಿದು ಹನ್ನೆರಡು ವಾರ ಕಾದೆ. ಚಾಟ್ನಿ, ಅಂದರೆ ಕಡ್ಡಿ ಸವರುವುದು, ಮುಗಿದ ಪಡದಲ್ಲಿ ಹೊಸ ಎಲೆಯ ಹಿಂಬದಿ ತಿರುವಿ ತಿರುವಿ ಬೂದಿರೋಗ ಬಂದಿದೆಯೋ ಎಂದು ನೋಡುವಂತೆ ದಿನವೂ ಕನ್ನಡಿಯಲ್ಲಿ ಕಣ್ಣು ಅಗಲಿಸಿ ನೋಡಿಕೊಂಡೆ. ಕನ್ನಡಿಯಲ್ಲಿ ವೈರಸ್ಸು ಕಾಣುವುದಿಲ್ಲ ಎಂದು ಗೊತ್ತಿದ್ದೂ ನೋಡಿದೆ. ಕೊನೆಗೆ ರಿಪೋರ್ಟ್ ಬಂತು. ವೈರಸ್ ಇಲ್ಲ. ಪಕ್ಕದಲ್ಲಿ ಸಂಖ್ಯೆಯೂ ಇಲ್ಲ, ಕಡಿಮೆ ಹೆಚ್ಚು ಎಂಬ ಮಾತೂ ಇಲ್ಲ. ಡಾಕ್ಟರು ನನ್ನ ಕೈ ಹಿಡಿದು, "ಮುಗೀತು, ಹೋಗ್ರಿ" ಅಂದಳು. ಮಗಳಿಗೆ ಆಗ ಎಂಟು ತುಂಬಿತ್ತು. ಆಸ್ಪತ್ರೆಯ ಗೇಟಿನಿಂದ ನಾನೂ ನನ್ನ ಗಂಡನೂ ಸೀದಾ ಬಬಲೇಶ್ವರದ ಬಸ್ಸು ಹತ್ತಿದೆವು.

ಬೀಗರು, ಅಂದರೆ ಬೀಗತಿಯ ಗಂಡ, ಅವರದೂ ದ್ರಾಕ್ಷಿ ಪಡವೇ. ಮೂಗಿನ ಮೇಲೆ ಚಾಳೀಸು ಇಟ್ಟುಕೊಂಡು ಕಾಗದವನ್ನು ಹಿಂದೆ ಮುಂದೆ ನೋಡಿದರು. ನಮ್ಮ ಧಂದೆಯಲ್ಲಿ ಒಂದು ಪದ್ಧತಿಯಿದೆ: ಮಾರುವವನು ತಂದ ರಿಪೋರ್ಟನ್ನು ಕೊಳ್ಳುವವನು ನಂಬುವುದಿಲ್ಲ. ತಾನೇ ಪಡಕ್ಕೆ ಬಂದು, ತನ್ನ ಕೈಯಿಂದ ಗೊನೆ ಕತ್ತರಿಸಿ, ತನ್ನ ಲ್ಯಾಬಿಗೆ ಕಳಿಸುತ್ತಾನೆ. ಬೀಗರ ಮಾಲು ಒಮ್ಮೆ ಹಾಗೆ ಹೊಳ್ಳಿ ಬಂದಿತ್ತು. ಆ ನೋವಿನಲ್ಲೋ ಏನೋ, "ತಪ್ಪ ತಿಳ್ಕೊಬ್ಯಾಡ್ರಿ. ಇದು ನಿಮ್ಮ ಕಡೆ ರಿಪೋರ್ಟ್ ಆತು. ನಮ್ಮ ಕಡೆ ಒಂದು ಆಗಿಬಿಡ್ಲಿ" ಅಂದರು. ನನ್ನನ್ನು ಗೊನೆಯಂತೆ ತೂಗಿ ನೋಡಲು ಹೊರಟಿದ್ದರು. ಹೂಂ ಅಂದೆ, ಯಾವ ಪರೀಕ್ಷೆ ಎಂದು ಕೇಳಲಿಲ್ಲ.

ಪೇಟೆಯ ಸಣ್ಣ ಲ್ಯಾಬು. ಅಲ್ಲಿಯವನು ಡಬ್ಬಿಯಿಂದ ಹೊರತೆಗೆದದ್ದು ಅದೇ ಪ್ಲಾಸ್ಟಿಕ್ ಕಾರ್ಡು. "ಇದು ಬ್ಯಾಡ್ರಿ" ಅಂದೆ. "ಇದು ಯಾವಾಗ ಮಾಡಿದ್ರೂ ಎರಡು ಗೆರಿನ ತೋರಸ್ತೈತಿ. ವೈರಲ್ ಲೋಡ್ ಮಾಡ್ರಿ." ಅದು ಇಲ್ಲಿ ಆಗುವುದಿಲ್ಲ ಎಂದ. ಬೀಗತಿ ಸೆರಗು ಸರಿಮಾಡಿಕೊಂಡು, "ರೋಗ ಹೋಗೇತಿ ಅಂದಮ್ಯಾಲೆ ಹೆದರಿಕಿ ಯಾಕ್ರಿ?" ಅಂದಳು. ಬೇಡವೆಂದರೆ ಕುಂಬಳಕಾಯಿ ಕಳ್ಳಿಯಾಗುತ್ತೇನೆ, ಕೊಟ್ಟರೆ ಎರಡು ಗೆರೆ. ಕೈ ಚಾಚಿದೆ. ಒಂದು ಗೆರೆ ಬಂತು, ಸ್ವಲ್ಪ ಹೊತ್ತಿಗೆ ಎರಡನೆಯದೂ ಬಂತು. ಬೀಗತಿ ಕುರ್ಚಿಯಿಂದ ಎದ್ದು ಗೋಡೆಯ ಹತ್ತಿರ ಹೋಗಿ ನಿಂತಳು. ನನ್ನ ಆಯುಷ್ಯದಲ್ಲಿ ನಾನು ಅಷ್ಟು ಸಣ್ಣವಳಾದದ್ದಿಲ್ಲ, ಅಷ್ಟು ದ್ವೇಷ ಮಾಡಿದ್ದೂ ಇಲ್ಲ.

ಆಕೆಯನ್ನು ಬಿಟ್ಟು ಬೀಗರ ಕಡೆ ತಿರುಗಿದೆ. "ಬೀಗರ, ಹೂವಿನ ಹೊತ್ತಿನ್ಯಾಗ ಗಿಡಕ್ಕ ಔಷಧ ಹೊಡೀತೀರಿ. ಡೈರ್ಯಾಗ ಬರೀತೀರಿ, ಹೌದಲ್ಲ?"

"ಹೌದ್ರಿ."

"ಕೊಯ್ಯೂ ಮುಂದ ಹಣ್ಣು ಲ್ಯಾಬಿಗೆ ಕಳಸ್ತೀರಿ. ಔಷಧದ ಅಂಶ ಇಲ್ಲಂತ ಬರತೈತಿ. ಆವಾಗ ಡೈರ್ಯಾಗ ಬರದದ್ದು ಅಳಿಸಿ ಹೊಕ್ಕೈತೇನು?"

"ಅದೆಂಗ ಹೋಗ್ತೈತ್ರಿ?"

"ಈ ಕಾರ್ಡ ನನ್ನ ರಕ್ತದ ಡೈರಿ. ವಿಜಾಪುರದ ಕಾಗದ ಹಣ್ಣಿನ ಪರೀಕ್ಷಿ. ನೀವು ಡೈರಿ ನೋಡಿ ಮಾಲು ಹೊಳ್ಳಿ ಕಳಸಾಕತ್ತೀರಿ."

ಬೀಗರು ಕಾರ್ಡನ್ನೂ ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಲ್ಯಾಬಿನವನನ್ನು ಕೇಳಿದರು, ಅವನು ತಲೆ ಕೆರೆದುಕೊಂಡು ಹೌದೆಂದ. "ಹಂಗಾರ ತಪ್ಪು ನಮ್ಮದ" ಎಂದು ಬೀಗರು ಹೆಂಡತಿಯ ಕಡೆ ನೋಡಿದರು. ಆಕೆ ಗೋಡೆ ಬಿಟ್ಟು ಕದಲಲಿಲ್ಲ. "ಕೂಸು ಮಾಲಲ್ರಿ" ಅಂದಳು. "ಮಗಳನ್ನ ಕರಕೊಂಡ ಹೋಗ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೂಸಿಗೆ ಎರಿಯೂದು ಇವ್ರ ಕೈಲೆ ಬ್ಯಾಡ. ಎರ್ಯಾಕ ನಾ ಬಂದು ಇರ್ತೇನಿ." ಕೋಲೂ ಮುರಿಯಲಿಲ್ಲ, ಹಾವೂ ಸಾಯಲಿಲ್ಲ.

ಕುಬಸ ಮಾಡಿ ಮಗಳನ್ನು ತಿಕೋಟಾಕ್ಕೆ ಕರೆತಂದು ಹನ್ನೆರಡನೇ ದಿನ ನೋವು ಬಂತು. ವಿಜಯಪುರದ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಬೀಗರೂ ಬೀಗತಿಯೂ ಅಷ್ಟರಲ್ಲಿ ಬಂದಿದ್ದರು. ಪೇಡೆ ತರಲು ಅಳಿಯ ಕೆಳಗಿಳಿದದ್ದೇ ತಡ, ನರ್ಸ್ ಓಡಿ ಬಂದಳು. ರಕ್ತ ನಿಲ್ಲುತ್ತಿಲ್ಲ. ನನಗಾದದ್ದೇ ಮಗಳಿಗೂ ಆಗುತ್ತಿತ್ತು. ಅವಳ ಗುಂಪಿನ ರಕ್ತ ಆ ದಿನ ಒಂದೇ ಬಾಟಲಿ ಇತ್ತು, ಅದನ್ನು ಏರಿಸತೊಡಗಿದ್ದರು, ಇನ್ನೊಂದು ಬೇಕು. ಯಾರದು ಇದೇ ಗುಂಪು ಎಂದಳು. ನನ್ನದೇ. ತೋಳು ಮೇಲೆ ಮಾಡಿದೆ, ಅಷ್ಟರಲ್ಲೇ ನೆನಪಾಗಿ ಇಳಿಸಿದೆ. ಎರಡು ಗೆರೆಯವರು ವಾಸಿಯಾದರೂ ಜನ್ಮದಲ್ಲಿ ರಕ್ತ ಕೊಡುವ ಹಾಗಿಲ್ಲ. ನನ್ನ ಗಂಡನದೂ ಅಳಿಯನದೂ ಬೇರೆ ಗುಂಪು, ಬೀಗರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಳ್ಳುವವರು. "ನಂದು ಅದ ಐತ್ರಿ" ಎಂದು ಬೀಗತಿ ಮುಂದೆ ಬಂದಳು.

ಕೆಳಗೆ ರಕ್ತ ತೆಗೆಯುವ ಕೋಣೆಗೆ ಆಕೆಯ ಜೊತೆ ನನ್ನನ್ನು ಕಳಿಸಿದರು. ಅರ್ಜೆಂಟ್ ಇರುವುದರಿಂದ ಮೊದಲು ಕಾರ್ಡಿನಲ್ಲಿ ನೋಡುತ್ತೇವೆ ಎಂದು ಅಲ್ಲಿಯವನು ಆಕೆಯ ಬೆರಳು ಚುಚ್ಚಿ ಕಾರ್ಡುಗಳನ್ನು ಮೇಜಿನ ಮೇಲಿಟ್ಟ. ಅವುಗಳಲ್ಲಿ ಒಂದು ನನಗೆ ಮಾಡಿದಂಥದೇ ಕಾರ್ಡು, ಕಣ್ಣು ಮುಚ್ಚಿಕೊಂಡಿದ್ದರೂ ಗುರುತಿಸುತ್ತಿದ್ದೆ. ಬೀಗತಿ ಕುರ್ಚಿಯಲ್ಲಿ ಕೂತಳು. ಮೊದಲ ಗೆರೆ ಮೂಡಿತು.

"ಬೀಗತೇರ" ಎಂದು ನನ್ನ ಸೆರಗಿನ ತುದಿ ಹಿಡಿದುಕೊಂಡಳು. "ನನಗೂ ಹಡದಾಗ ರಕ್ತ ಏರ್ಸ್ಯಾರ್ರಿ, ಯಾರಿಗೂ ಹೇಳಿಲ್ಲ. ಎರಡು ಗೆರಿ ಬಂದ್ರ ನನ್ನ ಗತಿ ಏನ್ರಿ? ಸಾಯ್ತೇನೇನು?"

ಆ ಕೋಣೆಯಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ಎರಡು ಗೆರೆ ಬಂದರೂ ಸಾಯುವುದಿಲ್ಲ, ಇನ್ನೊಂದು ಪರೀಕ್ಷೆ ಇದೆ, ಗುಳಿಗೆ ಇದೆ, ಮೂರು ತಿಂಗಳಲ್ಲಿ ಹೋಗುತ್ತದೆ, ನನ್ನನ್ನು ನೋಡಿ ಎಂದು ಹೇಳಬಹುದಿತ್ತು. ಅರ್ಧ ನಿಮಿಷದ ಮಾತು. ಹೇಳಲಿಲ್ಲ. ಗೋದಲಿಯಲ್ಲಿ ಬಿದ್ದ ಹೋಳಿಗೆ ಕಣ್ಣ ಮುಂದೆ ಬಂದವು, ಗೋಡೆಗೆ ಸರಿದು ನಿಂತ ಆಕೆಯೂ ಬಂದಳು. ಸೆರಗು ಬಿಡಿಸಿಕೊಳ್ಳಲೂ ಇಲ್ಲ, ಬಾಯಿ ಬಿಡಲೂ ಇಲ್ಲ. ಕಾರ್ಡನ್ನೇ ನೋಡುತ್ತ ನಿಂತೆ, ಎರಡನೇ ಗೆರೆ ಮೂಡಲಿ ಅಂದುಕೊಂಡೆ. ಮೇಲಿನ ಮಾಳಿಗೆಯಲ್ಲಿ ನನ್ನ ಮಗಳು ಆ ರಕ್ತಕ್ಕಾಗಿ ಕಾಯುತ್ತಿದ್ದಳು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೂಡಲಿ ಅಂದುಕೊಂಡೆ.

ಮೂಡಲಿಲ್ಲ. ಆಕೆ ಮಲಗಿ ತೋಳು ಚಾಚಿದಳು, ಬಾಟಲಿ ತುಂಬಿತು, ಮಗಳು ಉಳಿದಳು.

ಮನೆಗೆ ಬಂದ ಮೇಲೆ ಕೂಸಿಗೆ ಎರೆಯುವ ಮೊದಲ ದಿನ ನಾನು ಹಂಡೆಗೆ ಬೆಂಕಿ ಹಾಕಿ, ಲ್ಯಾಬಿನಲ್ಲಿ ಆದ ಮಾತಿನ ಪ್ರಕಾರ ದೂರ ಸರಿದು ನಿಂತಿದ್ದೆ. ಬೀಗತಿ ಬಚ್ಚಲಿಗೆ ಬಂದಳು. ಕಾಲು ಚಾಚಿ ಕೂರಲಿಲ್ಲ. ಕೂಸನ್ನು ತಂದು ನನ್ನ ಕೈಗೆ ಕೊಟ್ಟಳು. "ನೀವ ಎರೀರಿ ಬೀಗತೇರ. ಆ ಕುರ್ಚಿಮ್ಯಾಲೆ ಕುಂತಾಗ ನಿಮಗ ನಾ ಏನ್ ಮಾಡಿದ್ನಿ ಅನ್ನೂದು ಗೊತ್ತಾತು." ಕಣ್ಣೊರೆಸಿಕೊಂಡು ಮತ್ತೆ ಅಂದಳು, "ನಿಮಗೂ ಅವತ್ತ ನನ್ನಂಗ ಜೀವ ಬಾಯಾಗ ಬಂದಿತ್ತು. ಮಾತ ಹೊಂಡ್ಲಿಲ್ಲ ನಿಮ್ಮ ಬಾಯಿಂದ."

"ಹೂನ್ರಿ" ಅಂದೆ.

ಆಕೆ ನೀರು ಹದ ನೋಡಿ ತಂಬಿಗೆ ತುಂಬಿ ತುಂಬಿ ಕೊಟ್ಟಳು, ನಾನು ಎರೆದೆ. ಆಕೆಯ ಮುಖ ನೋಡುವುದು ನನಗೆ ಮೊದಲಿಗಿಂತ ಈಗಲೇ ಹೆಚ್ಚು ಕಷ್ಟವಾಗಿದೆ. ಮೊನ್ನೆ ಬಬಲೇಶ್ವರಕ್ಕೆ ಹೋದಾಗ ಚಹಾ ಸ್ಟೀಲಿನ ವಾಟಗದಲ್ಲಿ ಕೊಟ್ಟಳು. ಅರ್ಧ ಕುಡಿದು ಎದ್ದು ಬಂದೆ.